ಅಪ್ಪ ಕೈ ತೊಳೆದ ತಟ್ಟೆ

ನಮ್ಮಪ್ಪ ಊಟ ಮಾಡಿದ ತಟ್ಟೆಯಲ್ಲೇ ಕೈ ತೊಳೆಯುತ್ತಿದ್ದ. ಎಪ್ಪತ್ತರ ದಶಕದ ಗುಬ್ಬಿಯಲ್ಲಿ ಅದೇನು ವಿಶೇಷವಲ್ಲ. ನಮ್ಮ ಬೀದಿಯ ಅರ್ಧ ಗಂಡಸರು ಹಾಗೇ ಮಾಡುತ್ತಿದ್ದರು. ಆದರೆ ಅಪ್ಪ ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಲೋಟದಲ್ಲಿ ಉಳಿದ ನೀರನ್ನು ಬಾಯಿಗೆ ಹಾಕಿಕೊಂಡು, ಗಳಗಳ ಮುಕ್ಕಳಿಸಿ, ಅದನ್ನೂ ತಟ್ಟೆಗೇ ಉಗಿಯುತ್ತಿದ್ದ. ಆಮೇಲೆ ಗೋಡೆಯ ಮೊಳೆಗೆ ನೇತುಹಾಕಿದ್ದ ಟವೆಲಿಗೆ ಕೈ ಬಾಯಿ ಒರೆಸಿ, ಬೀದಿಗೆ ಕೇಳುವಂತೆ ತೇಗಿ, ಎಲೆ ಅಡಿಕೆ ಹಾಕಿಕೊಳ್ಳಲು ಜಗುಲಿಗೆ ಹೋಗುತ್ತಿದ್ದ. ಮನೆಗೆಲ್ಲ ಇದ್ದದ್ದು ಅದೊಂದೇ ಟವೆಲು. ನಾವೂ ಅದರಲ್ಲೇ ಮುಖ ಒರೆಸಿಕೊಂಡು ಶಾಲೆಗೆ ಹೋಗುತ್ತಿದ್ದೆವು.

ಅಪ್ಪ ಕೊಬ್ಬರಿ ವ್ಯಾಪಾರಿ. ಹೊರಗೆ ಹೊರಟರೆ ಪಂಚೆ ಬೆಳ್ಳಗೆ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಅಂಗಿಯ ಮೇಲೆ ಒಂದು ಕಲೆ ಕಂಡರೆ ಅವ್ವನಿಗೆ ಬೈಗುಳ. ಮನೆಯೊಳಗೆ ಮಾತ್ರ ಅವನು ಎಲ್ಲಿ ಬೇಕೋ ಅಲ್ಲಿ ಕ್ಯಾಕರಿಸುತ್ತಿದ್ದ. ನಡುಮನೆಯ ಕಿಟಕಿಯ ಕೆಳಗೆ ಗೋಡೆಯುದ್ದಕ್ಕೂ ಎಲೆಅಡಿಕೆಯ ಕೆಂಪು ಇಳಿದಿತ್ತು. ಹಬ್ಬಕ್ಕೆ ಸುಣ್ಣ ಬಳಿದರೂ ಹದಿನೈದು ದಿನದಲ್ಲಿ ಮತ್ತೆ ಕೆಂಪು. ಇದನ್ನೆಲ್ಲ ನೋಡಿ ನೋಡಿ ನಮಗೆ ಅಸಹ್ಯಪಡುವುದಕ್ಕೂ ಬೇಸರವಾಗಿತ್ತು.

ಅಪ್ಪನ ತಟ್ಟೆ ಎತ್ತುವ ಕೆಲಸ ಅಕ್ಕನದು. ಮುದ್ದೆಯ ಚೂರು, ಸಾರಿನ ಸೊಪ್ಪು, ಅಪ್ಪ ಉಗಿದ ನೀರು, ಎಲ್ಲ ಸೇರಿ ಅಂಚಿನವರೆಗೆ ತುಂಬಿದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಕಟ್ಟಿಕೊಂಡು, ಹಿತ್ತಲಿನವರೆಗೆ ನಡೆಯಬೇಕು. ಸ್ವಲ್ಪ ಅಲುಗಿದರೂ ಪಾದದ ಮೇಲೆ ಚೆಲ್ಲುತ್ತಿತ್ತು. ಅಕ್ಕ ಹಿತ್ತಲಿಗೆ ಹೋಗಿ ತಟ್ಟೆ ಬಗ್ಗಿಸಿ, ಕಾಲು ತೊಳೆದುಕೊಂಡು ಬಂದು ಊಟಕ್ಕೆ ಕೂರುತ್ತಿದ್ದಳು. ಎಷ್ಟೋ ದಿನ ಮಜ್ಜಿಗೆ ಅನ್ನ ಮಾತ್ರ ತಿಂದು ಎದ್ದುಬಿಡುತ್ತಿದ್ದಳು.

ಒಮ್ಮೆ ನಾನು ಗೆಳತಿಯ ಮನೆಗೆ ಹೋಗಿದ್ದೆ. ಅವಳ ಅಪ್ಪ ಊಟ ಮುಗಿಸಿ, ಎಂಜಲು ಕೈಯನ್ನು ಮುಷ್ಟಿ ಮಾಡಿಕೊಂಡು ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದರು. ನಾನು ಮನೆಗೆ ಓಡಿ ಬಂದು ಅವ್ವನಿಗೆ ಹೇಳಿದೆ.

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಅವ್ರ ಮನೆ ರೀತಿ ಅವ್ರಿಗೆ ಕಣೇ. ಹೋಗು, ಬಟ್ಟೆ ಒಣಗವ್ಯಾ ನೋಡು" ಎಂದಳು.

ಅಕ್ಕನಿಗೆ ಕುಣಿಗಲ್ ಕಡೆಯಿಂದ ಸಂಬಂಧ ಬಂತು. ಹುಡುಗ ಹೈಸ್ಕೂಲು ಮೇಷ್ಟ್ರು. ನೋಡಿ ಒಪ್ಪಿಗೆಯಾಗಿ, ಮಾತುಕತೆಗೆಂದು ಹುಡುಗ, ಅವನ ತಾಯಿ, ಸೋದರಮಾವ ಬಂದರು. ಊಟ ನಮ್ಮಲ್ಲೇ. ಅವ್ವ ಹಿಂದಿನ ದಿನವೇ ಯೋಚನೆ ಮಾಡಿ ತೋಟದಿಂದ ಬಾಳೆಲೆ ಕೊಯ್ಯಿಸಿದ್ದಳು. "ಎಲೆ ಹಾಕ್ಬುಟ್ರೆ ನಿಮ್ಮಪ್ಪ ಎಲ್ಲಿ ಕೈ ತೊಳೀತದೆ? ಎದ್ದೇಳಲೇಬೇಕು" ಎಂದು ಅಕ್ಕನ ಕಿವಿಯಲ್ಲಿ ಹೇಳಿದಳು. ಇಬ್ಬರೂ ನಕ್ಕರು. ಅಕ್ಕ ಅಷ್ಟು ಹಗುರಾಗಿ ನಕ್ಕಿದ್ದನ್ನು ನಾನು ಕಂಡಿದ್ದು ಕಡಿಮೆ.

ಹೋಳಿಗೆ ಊಟ ಚೆನ್ನಾಗಿಯೇ ನಡೆಯಿತು. ಅಪ್ಪ ಬೀಗರಿಗೆ ಒತ್ತಾಯ ಮಾಡಿ ಮಾಡಿ ತುಪ್ಪ ಹಾಕಿಸಿದ. ಮಜ್ಜಿಗೆ ಅನ್ನ ಮುಗಿಸಿ, ತಿಪಟೂರು ಪೇಟೆಯ ಕೊಬ್ಬರಿ ದರದ ಬಗ್ಗೆ ಏನೋ ಹೇಳುತ್ತಾ, ಲೋಟ ಎತ್ತಿ ಬಾಳೆಲೆಯ ಮೇಲೆಯೇ ಕೈ ತೊಳೆದುಬಿಟ್ಟ. ನೀರು ಎಲೆಯ ಅಂಚು ದಾಟಿ, ಕೆಂಪು ಗಾರೆಯ ನೆಲದ ಮೇಲೆ ಹರಿದು, ಪಕ್ಕದಲ್ಲಿದ್ದ ಮೇಷ್ಟ್ರ ಎಲೆಯ ಕಡೆಗೆ ಹೊರಟಿತು. ಅವರ ಎಲೆಯಲ್ಲಿ ಇನ್ನೂ ಅರ್ಧ ಹೋಳಿಗೆ ಇತ್ತು. ಅವರು ಪಂಚೆಯನ್ನು ಮೇಲಕ್ಕೆ ಎಳೆದುಕೊಂಡು, ಎಲೆಯನ್ನು ನಿಧಾನವಾಗಿ ಆಚೆ ಸರಿಸಿದರು. ನೀರು ಮತ್ತೆ ಅಲ್ಲಿಗೂ ಹೋಯಿತು. ಅವರು ಎದ್ದುಬಿಟ್ಟರು.

"ಯಾಕ್ ಮೇಷ್ಟ್ರೆ, ಎದ್ಬುಟ್ರಿ? ಇನ್ನೊಂದು ಹೋಳಿಗೆ ಹಾಕ್ಸ್ಕೊಳ್ಳಿ" ಎಂದ ಅಪ್ಪ.

"ಸಾಕು, ಹೊಟ್ಟೆ ತುಂಬ್ತು" ಎಂದರು ಅವರು.

ಅವರ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕ ಒಳಗಿನ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ಬೀಗರು ಹೋದ ಮಾರನೆಯ ಬೆಳಗ್ಗೆ ಅಪ್ಪ ಎಂದಿನಂತೆ ಉಂಡು, ತಟ್ಟೆಯಲ್ಲಿ ಕೈ ತೊಳೆದು ಎದ್ದ. ಅಕ್ಕ ಕೂತಲ್ಲಿಂದ ಏಳಲಿಲ್ಲ. ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಾಗ ತಟ್ಟೆ ಅಲ್ಲೇ ಇತ್ತು.

"ಯಾಕ್ಲೇ, ತಟ್ಟೆ ಇಲ್ಲೇ ಬಿದ್ದದೆ?"

"ಕೈ ತೊಳ್ದಿರೋ ತಟ್ಟೇನ ಇನ್ಮೇಲೆ ನಾನು ಎತ್ತಲ್ಲ ಕಣಪ್ಪ" ಎಂದಳು ಅಕ್ಕ.

ಅಪ್ಪ ಹೊಡೆಯುತ್ತಾನೆ ಎಂದುಕೊಂಡೆ. ಅವನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಹಳೆಯ ತಟ್ಟೆಯನ್ನು ಕಾಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ, "ಇನ್ನೊಂದು ತಟ್ಟೆ ಹಾಕು" ಎಂದು ಅವ್ವನಿಗೆ ಹೇಳಿ ಕೂತ. ಹಸಿವಿನಿಂದ ಉಂಡ. ಅದರಲ್ಲೂ ಕೈ ತೊಳೆದ. ರಾತ್ರಿಗೆ ಮೂರನೆಯ ತಟ್ಟೆ. ಮಾರನೆಯ ದಿನವೂ ಹಾಗೇ. ಗೋಡೆಯ ಪಕ್ಕ ತಟ್ಟೆಗಳು ಸಾಲಾದವು. ಮುದ್ದೆ ಊದಿಕೊಂಡು, ಸಾರು ಹುಳಿತು, ನೊಣ ಮುತ್ತಿ, ಇರುವೆ ಸಾಲು ಹಿಡಿದು ನಡುಮನೆಗೆ ಕಾಲಿಡುವಂತಿರಲಿಲ್ಲ. ಅಪ್ಪನಿಗೆ ಮಾತ್ರ ಏನೂ ಆಗಲಿಲ್ಲ. ಆ ನಾತದ ಪಕ್ಕದಲ್ಲೇ ಕೂತು, ಉಪ್ಪು ಕಡಿಮೆಯಾಗಿದೆ ಎಂದು ಹೇಳಿ, ಉಪ್ಪು ಹಾಕಿಸಿಕೊಂಡು ಉಣ್ಣುತ್ತಿದ್ದ. ಊಟ ಸೇರದೆ ಒದ್ದಾಡಿದವರು ನಾವು.

ಕೊನೆಗೆ ಅವ್ವ ಮುಸುರೆಯ ಕುಕ್ಕೆ ತಂದು, ತಟ್ಟೆಗಳನ್ನೆಲ್ಲ ಒಂದೊಂದಾಗಿ ತುಂಬಿಕೊಂಡು ಹಿತ್ತಲಿಗೆ ಹೋದಳು. ಬೂದಿ ಹಾಕಿ, ತೆಂಗಿನ ನಾರಿನಿಂದ ಉಜ್ಜುತ್ತಾ ಕೂತಳು. ಅಕ್ಕ ಹೋಗಿ ಪಕ್ಕದಲ್ಲಿ ನಿಂತಳು.

"ನಿನ್ ಹಟ ನಿಮ್ಮಪ್ಪಂಗೆ ತಟ್ಟಲಿಲ್ಲ ಕಣೇ ಮಗ" ಎಂದಳು ಅವ್ವ. "ನಂಗೊಂದಿಷ್ಟು ಕೆಲ್ಸ ಜಾಸ್ತಿ ಆಯ್ತು, ಅಷ್ಟೆ."

ಅಕ್ಕ ಅವಳ ಜೊತೆ ಕುಕ್ಕರಗಾಲಲ್ಲಿ ಕೂತು ತೊಳೆದಳು. ಸಂಬಂಧ ಮುರಿದುಬಿತ್ತು ಎಂದೇ ನಾವೆಲ್ಲ ತಿಳಿದಿದ್ದೆವು. ಆದರೆ ಬೀಗರಿಂದ ಒಪ್ಪಿಗೆ ಬಂತು. ಮದುವೆಯಾಗಿ ಅಕ್ಕ ಕುಣಿಗಲ್‌ಗೆ ಹೋದಳು. ಅವಳು ಬಿಟ್ಟುಹೋದ ಕೆಲಸ ನನ್ನ ಪಾಲಿಗೆ ಬರಲಿಲ್ಲ. ನಾನು ಆ ಹೊತ್ತಿಗೆ ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದೆ. ಅದು ಅವ್ವನಿಗೇ ಉಳಿಯಿತು.

ಅಕ್ಕನಿಗೆ ಮಗುವಾದ ಮೇಲೆ ಒಂದು ಸಲ ಅವ್ವನ ಜೊತೆ ಕುಣಿಗಲ್‌ಗೆ ಹೋಗಿದ್ದೆ. ಮೊದಲ ಊಟ. ಭಾವ ಉಂಡು, ತಮ್ಮ ತಟ್ಟೆಯನ್ನು ತಾವೇ ಎತ್ತಿಕೊಂಡು ಎದ್ದರು. ಅವ್ವ ಬಾಯಿಗೆ ಎತ್ತಿದ್ದ ತುತ್ತನ್ನು ತನ್ನ ತಟ್ಟೆಗೇ ಬಿಟ್ಟು, ಎಡಗೈ ಚಾಚಿ ತಟ್ಟೆ ಹಿಡಿದುಕೊಂಡಳು.

"ಅಯ್ಯೋ, ಬುಡಿ ಸ್ವಾಮಿ. ನಾವೆಲ್ಲ ಇದ್ದು ನೀವು ಎತ್ತೋದಾ?"

"ಇರ್ಲಿ ಬಿಡಿ ಅತ್ತೆ, ನಂಗೆ ಅಭ್ಯಾಸ" ಎಂದರು ಭಾವ. ತಟ್ಟೆಯ ಒಂದು ಅಂಚು ಅವರ ಕೈಯಲ್ಲಿ, ಇನ್ನೊಂದು ಅವ್ವನ ಕೈಯಲ್ಲಿ.

"ಬುಡವ್ವ, ಅವ್ರ ತಟ್ಟೆ ಅವ್ರು ತೊಳ್ಕೋತಾರೆ!" ಎಂದು ಅಕ್ಕ ಜೋರಾಗಿಯೇ ಹೇಳಿದಳು. ಅವ್ವ ಕೈಬಿಟ್ಟಳು. ಆದರೆ ಆಮೇಲೆ ಅವಳಿಗೆ ಊಟ ಸೇರಲಿಲ್ಲ.

ಅಲ್ಲಿದ್ದಷ್ಟು ದಿನವೂ ಅವ್ವ ಊಟದ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಆಚೆ ಹೋಗುತ್ತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ, "ಸುಖವಾಗವ್ಳೆ" ಎಂದಳು. ಆಮೇಲೆ, "ಅಲ್ಲಿ ನಂಗೆ ಕೈಗೆ ಕೆಲ್ಸಾನೇ ಇರ್ಲಿಲ್ಲ ಕಣೇ. ಹೆಂಗೆ ಕೂತ್ಕೊಳ್ಳೋದು ಅಂತ ಗೊತ್ತಾಗ್ಲಿಲ್ಲ" ಎಂದಳು.

ಎಂಬತ್ತರ ದಶಕದಲ್ಲಿ ನನಗೆ ತುಮಕೂರಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಊರಿನ ಮನೆಗೆ ಒಂದು ವಾಷ್ ಬೇಸಿನ್ ಹಾಕಿಸಿದೆ. ನಡುಮನೆಯ ಮೂಲೆಯಲ್ಲಿ, ಅಪ್ಪ ಉಣ್ಣುವ ಜಾಗದಿಂದ ಕೈಚಾಚುವಷ್ಟು ಹತ್ತಿರ. ಮುಂದಿನ ಭಾನುವಾರ ಹೋಗಿ ನೋಡಿದರೆ ಬಿಳಿಯ ಬೇಸಿನ್ನು ಕೆಂಪಾಗಿತ್ತು. ಅಪ್ಪ ಅದರಲ್ಲಿ ಎಲೆಅಡಿಕೆ ಉಗಿಯುತ್ತಿದ್ದ. ಕೈ ಮಾತ್ರ ತಟ್ಟೆಯಲ್ಲೇ ತೊಳೆಯುತ್ತಿದ್ದ. ಅವ್ವ ಈಗ ತಟ್ಟೆಯ ಜೊತೆಗೆ ಬೇಸಿನ್ನನ್ನೂ ಉಜ್ಜಬೇಕಾಗಿತ್ತು.

ನನಗೆ ತಡೆಯಲಾಗಲಿಲ್ಲ. "ಅಪ್ಪ, ಇದನ್ನ ಕೈ ತೊಳ್ಯೋಕೆ ಹಾಕ್ಸಿದ್ದು" ಎಂದೆ.

"ತಟ್ಟೇಲಿ ತೊಳ್ದ್ರೆ ಯಾರಿಗೇನ್ ತೊಂದ್ರೆ?" ಎಂದ ಅಪ್ಪ. ಅವನಿಗೆ ಸಿಟ್ಟು ಬಂದಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. "ನೀನು, ನಿಮ್ಮಕ್ಕ ಓದಿರೋರು, ಕುಣೀತೀರಿ. ನಿಮ್ಮವ್ವ ಯಾವತ್ತಾದ್ರೂ ಒಂದ್ ಮಾತು ಅಂದವ್ಳಾ?"

ಅವ್ವ ಅಡುಗೆಮನೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿಯ ಸದ್ದು ನಿಂತಿತು.

"ಅಂದಿದ್ದೆ" ಎಂದಳು ಅಲ್ಲಿಂದಲೇ. "ಮದ್ವೆ ಆದ್ ವರ್ಷ ಅಂದಿದ್ದೆ. ನೀವು ಕೇಳಿಸ್ಕೊಳ್ಳಿಲ್ಲ."

ಜರಡಿ ಮತ್ತೆ ಆಡತೊಡಗಿತು. ಅಪ್ಪ ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ ಕೂತ. ಅವನ ಮುಖದಲ್ಲಿ ಕಂಡದ್ದು ನಾಚಿಕೆಯೋ, ನೆನಪು ಮಾಡಿಕೊಳ್ಳುವ ಕಷ್ಟವೋ, ನನಗೆ ಗೊತ್ತಾಗಲಿಲ್ಲ.

ಆ ಮಧ್ಯಾಹ್ನ ಊಟ ಮುಗಿದ ಮೇಲೆ ಅಪ್ಪ ಲೋಟ ಎತ್ತಿಕೊಂಡ. ಹಾಗೇ ಕೆಳಗಿಟ್ಟ. ಮಂಡಿಗೆ ಕೈ ಊರಿ ಎದ್ದು ಬೇಸಿನ್ ಹತ್ತಿರ ಹೋಗಿ ನಲ್ಲಿ ತಿರುಗಿಸಿದ. ನೀರು ಬರಲಿಲ್ಲ. ನಮ್ಮ ಬೀದಿಗೆ ಬೆಳಗ್ಗೆ ಒಂದು ಗಳಿಗೆ ಬಿಟ್ಟರೆ ಆಯಿತು, ಆಮೇಲೆ ನಲ್ಲಿಯಲ್ಲಿ ಬರೀ ಗಾಳಿ. ನಾನದನ್ನು ಯೋಚನೆಯನ್ನೇ ಮಾಡಿರಲಿಲ್ಲ.

"ನೀರೇ ಇಲ್ವಲ್ಲ ಇದ್ರಲ್ಲಿ" ಎಂದ ಅಪ್ಪ, ಎಂಜಲು ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು.

ಅವ್ವ ಅರ್ಧ ಉಂಡಿದ್ದವಳು ಎದ್ದು, ಎಡಗೈಯಲ್ಲಿ ಚೊಂಬು ತುಂಬಿ ತಂದು, ಅವನ ಕೈಗೆ ನೀರು ಹಾಕುತ್ತಾ ನಿಂತಳು. ಅಂದಿನಿಂದ ಅದೇ ಪದ್ಧತಿಯಾಯಿತು. ಅಪ್ಪ ಎದ್ದು ಬೇಸಿನ್‌ಗೆ ಹೋಗುವುದು, ಅವ್ವ ಉಣ್ಣುವುದನ್ನು ಬಿಟ್ಟು ಚೊಂಬು ಹಿಡಿದು ಹಿಂದೆ ಹೋಗುವುದು. ಒಂದು ದೊಡ್ಡ ಬಕೆಟ್ಟಿನಲ್ಲಿ ನೀರು ತುಂಬಿಸಿ ಬೇಸಿನ್ ಪಕ್ಕದಲ್ಲೇ ಇಡು ಎಂದು ನಾನು ಅವಳಿಗೆ ಹೇಳಿದೆ.

"ಇಟ್ರೆ ನಿಮ್ಮಪ್ಪ ಅದ್ರೊಳಗೇ ಕೈ ಅದ್ದುತದೆ ಕಣೇ" ಎಂದಳು ಅವ್ವ.