ಅಡ್ಡಕ್ಕೆ ಓದದ ಪಟ್ಟಿ

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಹೊತ್ತು ಖಚಿತವಾಗಿ ನೆನಪಿದೆ. ಯುಪಿಎಸ್ ಇನ್ನೆಷ್ಟು ನಿಮಿಷ ಎಳೆದೀತು ಎಂದು ಗೋಡೆಯ ಗಡಿಯಾರ ನೋಡಿಕೊಂಡಿದ್ದೆ.

ತೊಂಬತ್ತರ ದಶಕದ ಕೊನೆ. ಬಿ.ಎ. ಮುಗಿಸಿ ಅರಸೀಕೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನಮ್ಮಲ್ಲಿದ್ದ ಪುಟ ಜೋಡಿಸುವ ಸಾಫ್ಟ್‌ವೇರಿನಲ್ಲಿ ಪಟ್ಟಿ ಮಾಡುವ ಅನುಕೂಲ ಇರಲಿಲ್ಲ. ಟ್ಯಾಬ್ ಒತ್ತಿ ಹೊಂದಿಸೋಣವೆಂದರೆ, ಕನ್ನಡದ ಉದ್ದ ಸಾಲು ಮುರಿದು ಕೆಳಗಿಳಿದ ಕೂಡಲೇ ಪಕ್ಕದ್ದೆಲ್ಲ ಚೆಲ್ಲಾಪಿಲ್ಲಿ. ಅದಕ್ಕೆ ನಾವೇ ಒಂದು ಉಪಾಯ ಕಂಡುಕೊಂಡಿದ್ದೆವು. ಎಡಗಡೆಯ ಕಾಲಂ ಒಂದು ಬ್ಲಾಕ್, ಬಲಗಡೆಯದು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಕೂರಿಸಿ, ಸಾಲುಗಳ ಅಂತರ ಒಂದೇ ಮಾಡಿ, ಮೇಲೆ ಗೆರೆ ಎಳೆದರೆ ಪಟ್ಟಿ ಸಿದ್ಧ. ನೋಡುವವರಿಗೆ ಅದು ಒಂದೇ ಪಟ್ಟಿ. ಕಂಪ್ಯೂಟರಿಗೆ ಮಾತ್ರ ಅವೆರಡಕ್ಕೂ ಯಾವ ಸಂಬಂಧವೂ ಇರಲಿಲ್ಲ. ಪ್ರೂಫ್ ನೋಡುವುದೂ ಹಾಗೆಯೇ ರೂಢಿಯಾಗಿತ್ತು. ಎಡಗಡೆಯದನ್ನು ಮೇಲಿಂದ ಕೆಳಗೆ ಓದಿ ಮುಗಿಸುವುದು, ಆಮೇಲೆ ಬಲಗಡೆಯದು.

ಅವತ್ತು ಪರದೆಯ ಮೇಲಿದ್ದದ್ದು ಹಳೇಬೀಡಿನ ವೈದ್ಯರೊಬ್ಬರು ಕಳಿಸಿದ ಹಾಳೆ. ಮರುದಿನ ಅಲ್ಲಿಯ ಶಾಲೆಯೊಂದರಲ್ಲಿ ಮಕ್ಕಳ ಉಚಿತ ತಪಾಸಣೆ. ಜ್ವರದ ಸಿರಪ್ಪಿನ ಜೊತೆ ಕೊಡುವ ಹಾಳೆಯಲ್ಲಿ ಎಡಕ್ಕೆ ಮಗುವಿನ ವಯಸ್ಸು, ಬಲಕ್ಕೆ ಎಷ್ಟು ಚಮಚ. ಕೊನೇ ಗಳಿಗೆಯಲ್ಲಿ ವೈದ್ಯರು ಫೋನ್ ಮಾಡಿ ಮೇಲೊಂದು ಸಾಲು ಸೇರಿಸಲು ಹೇಳಿದರು: ಆರು ತಿಂಗಳೊಳಗಿನ ಮಗುವಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಎಡಗಡೆ ಎಲ್ಲಕ್ಕಿಂತ ಮೇಲೆ 'ಆರು ತಿಂಗಳೊಳಗೆ' ಎಂದು ಹೊಡೆದೆ. ಅಷ್ಟರಲ್ಲಿ ಕರೆಂಟ್ ಹೋಗಿ ಯುಪಿಎಸ್ ಕಿರುಗುಟ್ಟಲು ಶುರುಮಾಡಿತು.

"ಬೇಗ ಸೇವ್ ಮಾಡು ಕಣಮ್ಮ, ಅದು ಆಗ್ಲೇ ಅಳ್ತಾ ಐತೆ," ಎಂದರು ಅಂಗಡಿಯ ಯಜಮಾನರು.

ಬಲಗಡೆಯ ಬ್ಲಾಕಿನಲ್ಲಿ ಕರ್ಸರ್ ಕೊನೆಯ ಸಾಲಿನಲ್ಲಿ ನಿಂತಿತ್ತು. 'ವೈದ್ಯರನ್ನು ಕೇಳದೆ ಕೊಡಬೇಡಿ' ಎಂದು ಅಲ್ಲೇ ಹೊಡೆದು ಸೇವ್ ಮಾಡಿದೆ.

ಕರೆಂಟ್ ಬಂದ ಮೇಲೆ ನೋಡಿದರೆ ಆ ಕಡೆ ಐದು ಸಾಲು, ಈ ಕಡೆ ಐದು ಸಾಲು. ಎಡಗಡೆಯದನ್ನು ಓದಿದೆ, ಬಲಗಡೆಯದನ್ನು ಓದಿದೆ. ಯಜಮಾನರೂ ಓದಿ "ಒಂದೂ ತಪ್ಪಿಲ್ಲ" ಎಂದರು. ನಿಜ, ಕಾಗುಣಿತದ ಒಂದು ತಪ್ಪೂ ಇರಲಿಲ್ಲ. ಅಚ್ಚಾದ ಹಾಳೆಗಳ ಕಟ್ಟು ಸಂಜೆಯ ಬಸ್ಸಿಗೆ ಹಳೇಬೀಡಿಗೆ ಹೋಯಿತು.

ಭಾನುವಾರ ಬೆಳಿಗ್ಗೆ ಅಕ್ಕನ ಹತ್ತು ತಿಂಗಳ ಕೂಸಿಗೆ ಮೈ ಬೆಚ್ಚಗಿತ್ತು. ಉಳಿದ ಒಂದು ಹಾಳೆಯನ್ನು ಮನೆಗೆ ತಂದಿದ್ದೆ. ಅಕ್ಕ ಅದನ್ನು ಹಿಡಿದು ಒಲೆಯ ಮುಂದಿಂದ ಎದ್ದು ಬಂದಳು.

"ಇದೇನೇ, ಒಂದು ವರ್ಷದೊಳಗಿನ ಮಗೂಗೆ ಒಂದು ಚಮಚ ಅಂತ ಐತೆ? ನಮ್ಮ ಡಾಕ್ಟ್ರು ಅರ್ಧ ಅಂದಿದ್ರು."

"ಸುಮ್ನಿರು, ಮೂರು ಸಲ ಪ್ರೂಫ್ ನೋಡಿದೀನಿ."

"ಹಂಗಾದ್ರೆ ನಾಲ್ಕನೇ ಸಲ ನೋಡು ಮಹರಾಯ್ತಿ."

ಅಡ್ಡಕ್ಕೆ ಓದಿದ್ದು ಆಗಲೇ. ಆರು ತಿಂಗಳೊಳಗೆ, ಅರ್ಧ ಚಮಚ. ಆರು ತಿಂಗಳಿಂದ ಒಂದು ವರ್ಷ, ಒಂದು ಚಮಚ. ಪ್ರತಿ ವಯಸ್ಸಿನ ಎದುರಿಗೂ ಅದಕ್ಕಿಂತ ದೊಡ್ಡ ಮಗುವಿನ ಅಳತೆ ಕೂತಿತ್ತು. ಕೇಳದೆ ಕೊಡಲೇಬಾರದು ಎಂದ ಎಳೆಗೂಸಿನ ಎದುರಿಗೂ ಒಂದು ಅಳತೆ. 'ಕೇಳದೆ ಕೊಡಬೇಡಿ' ಎಂಬುದು ಐದು ವರ್ಷ ದಾಟಿದವರ ಪಕ್ಕದಲ್ಲಿತ್ತು.

ಎಸ್‌ಟಿಡಿ ಬೂತಿನಿಂದ ವೈದ್ಯರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ರಿಂಗಾಯಿತೇ ಹೊರತು ಯಾರೂ ಎತ್ತಲಿಲ್ಲ. ಸಿಕ್ಕ ಬಸ್ ಹತ್ತಿದೆ. ಜಾವಗಲ್ ತಲುಪುವಷ್ಟರಲ್ಲಿ ಕಂಡಕ್ಟರನ್ನು ನಾಲ್ಕು ಸಲ ಕೇಳಿರಬೇಕು, ಇನ್ನೆಷ್ಟು ಹೊತ್ತು ಎಂದು. "ಇಳ್ದು ತಳ್ತೀರೇನಕ್ಕ? ಬೇಗ ಹೋಗ್ತೈತೆ," ಎಂದ. ಬಸ್ಸಿನಲ್ಲಿದ್ದವರು ನಕ್ಕರು.

ಶಾಲೆಯಲ್ಲಿ ಬೆಂಚುಗಳನ್ನು ಒಳಗಿಡುತ್ತಿದ್ದರು. ವೈದ್ಯರು ಹಾಳೆಯ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಎಳೆದರು. ಮೊದಲನೇ ಸಾಲಿನಲ್ಲೇ ಬೆರಳು ನಿಂತಿತು.

"ಏನಮ್ಮ ಇದು?"

ಬಲಗಡೆಯ ಅಳತೆಯೆಲ್ಲ ಒಂದು ಸಾಲು ಮೇಲಕ್ಕೆ ಸರಿದಿದೆ ಎಂದು ತೋರಿಸಿದೆ.

"ಒಂದು ಸಲ ಹೆಚ್ಚಾದ್ರೆ ಏನೂ ಆಗಲ್ಲ. ಎರಡು ದಿನ ಹೀಗೇ ಕೊಟ್ಕೊಂಡು ಹೋದ್ರೆ ಎಳೇ ಮಗು ಲಿವರ್ ತಡಿಯಲ್ಲ," ಎಂದವರೇ ನರ್ಸಮ್ಮನಿಂದ ರಿಜಿಸ್ಟರ್ ತರಿಸಿದರು. ಸಿರಪ್ ಒಯ್ದವರಲ್ಲಿ ಹೆಚ್ಚಿನವರು ಊರಿನವರೇ. ನರ್ಸಮ್ಮ ಒಂದು ಹೆಸರಿನ ಮೇಲೆ ಕೈಯಿಟ್ಟರು. "ಈಯಮ್ಮ ದೊಡ್ಡ ಮಗೀಗೆ ಅಂತ ಬಾಟ್ಲಿ ತಗಂಡೋದ್ಲು ಸಾರ್. ಮನೇಲಿ ಎರಡು ತಿಂಗಳ ಕೂಸೂ ಐತಂತೆ. ಗೆಂಡೆಹಳ್ಳಿ ಆಚೆ."

ಊರಿನ ಮನೆಗಳಿಗೆ ನರ್ಸಮ್ಮ ಹೊರಟರು. ವೈದ್ಯರ ಜೊತೆ ಅವರ ಜೀಪಿನಲ್ಲಿ ನಾನು ಬೇಲೂರು ದಾಟಿ ಗೆಂಡೆಹಳ್ಳಿಯ ದಾರಿ ಹಿಡಿದೆ.

ಜಗಲಿಯ ಮೇಲೆ ಅಜ್ಜಿ ಕೂತಿದ್ದರು. ಕೂಸಿಗೆ ಔಷಧಿ ಹಾಕಿದಿರಾ ಎಂದು ವೈದ್ಯರು ಕೇಳಿದರು.

"ಹಾಕ್ದೆ ಕಣಪ್ಪ, ಮೈ ಸುಡ್ತಿತ್ತು. ಚೀಟೀಲಿ ಅರ್ಧ ಚಮಚ ಅಂತ ಬರ್ದೈತಂತೆ, ಸೊಸೆ ಓದಿ ಹೇಳಿದ್ಲು."

ಕೂಸು ಒಳಗೆ ಮಲಗಿತ್ತು. ಎತ್ತಿಕೊಂಡರೂ ಕಣ್ಣು ಬಿಡಲಿಲ್ಲ. ವೈದ್ಯರು ಪುಟ್ಟ ಅಂಗಾಲಿಗೆ ಬೆರಳಿನಿಂದ ಚಿಮ್ಮಿದರು. ಏನೂ ಇಲ್ಲ. ಇನ್ನೊಂದು ಸಲ. ಮೂರನೆಯ ಸಲಕ್ಕೆ ಮುಖ ಕಿವುಚಿ ಅತ್ತಿತು.

ಎರಡು ತಿಂಗಳ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಇಟ್ಟುಕೊಳ್ಳಬಾರದು, ಅದಕ್ಕೇ ಆ ಸಾಲು ಸೇರಿಸಲು ಹೇಳಿದ್ದು ಎಂದು ವೈದ್ಯರು ಜೀಪ್ ಹತ್ತುವಾಗ ಹೇಳಿದರು. ತಾಯಿ, ಕೂಸು, ಅಜ್ಜಿ ಎಲ್ಲರನ್ನೂ ಬೇಲೂರಿನ ಆಸ್ಪತ್ರೆಗೆ ಕರೆದುಕೊಂಡು ಬಂದೆವು. ವಾರ್ಡಿನ ಹೊರಗೆ ಅಜ್ಜಿ ನನ್ನನ್ನು ನೋಡಿ, "ನೀನ್ಯಾರವ್ವ? ನರ್ಸಮ್ಮನಾ?" ಎಂದರು.

"ಆ ಚೀಟಿ ಮಾಡಿದೋಳು ನಾನೇ ಅಜ್ಜಿ. ತಪ್ಪಾಗಿ ಬಂದಿದೆ."

"ಓದಿದೋರು ಬರ್ದಿರೋದು ಅಂತ ನಂಬಿ ಹಾಕ್ದೆ ಕಣವ್ವ," ಎಂದರು. ಬೈದ ಹಾಗೇನೂ ಇರಲಿಲ್ಲ.

ಸೋಮವಾರ ಹೊಸ ಹಾಳೆ ಮಾಡಿದೆ. ಅದರಲ್ಲಿ ಪಟ್ಟಿಯೇ ಇರಲಿಲ್ಲ, ಒಂದೊಂದು ವಯಸ್ಸಿಗೂ ಒಂದೊಂದು ಪೂರ್ಣ ವಾಕ್ಯ. "ಚೆಂದ ಕಾಣಲ್ಲ ಕಣಮ್ಮ," ಎಂದರು ಯಜಮಾನರು. ನಾನು ಪ್ರಿಂಟ್ ಒತ್ತಿದೆ.

ಆದರೆ ಹಳೆಯ ಹಾಳೆಗಳು ಇನ್ನೂ ಹೊರಗಿದ್ದವು. ನರ್ಸಮ್ಮ ದಿನಾ ಒಂದಷ್ಟು ಮನೆ ಸುತ್ತಿ ವಾಪಸ್ ತರುತ್ತಿದ್ದರು. ನನಗೆ ಕಣ್ಣು ಮುಚ್ಚಿದರೆ ಆ ಅಂಗಾಲು, ಮತ್ತು ಎರಡು ಸಲ ಚಿಮ್ಮಿದರೂ ಅಳದ ಆ ಹೊತ್ತು. ಮೂರನೆಯ ಸಲವೂ ಅಳದಿದ್ದರೆ ಎಂಬಲ್ಲಿಗೆ ಬಂದಾಗ ಎಚ್ಚರವಾಗುತ್ತಿತ್ತು. ಈಗಲೂ ಒಮ್ಮೊಮ್ಮೆ ಆಗುತ್ತದೆ.

ಮುಂದಿನ ವಾರ ಬುಧವಾರ ಮಧ್ಯಾಹ್ನ ವೈದ್ಯರು ಅಂಗಡಿಗೇ ಫೋನ್ ಮಾಡಿದರು. ಕೂಸಿನ ಜ್ವರ ಬಿಟ್ಟು ಮನೆಗೆ ಹೋಗಿ ನಾಲ್ಕು ದಿನವಾಗಿತ್ತು. ಅವತ್ತು ತೋರಿಸಲು ತಂದಿದ್ದರಂತೆ, ತೂಕವೂ ಏರಿದೆಯಂತೆ. ಕೊನೆಯ ಹಾಳೆ ಅರೇಹಳ್ಳಿಯ ಒಂದು ಮನೆಯ ದೇವರ ಗೂಡಿನಲ್ಲಿ ಸಿಕ್ಕಿತಂತೆ. ಆ ಮನೆಯಲ್ಲಿ ಬಾಟಲಿಯ ಮುಚ್ಚಳವನ್ನೇ ಬಿಚ್ಚಿರಲಿಲ್ಲ.

ಆ ಬುಧವಾರ ರಾತ್ರಿ ಉಂಡು ಮಲಗಿದವಳಿಗೆ ಎಚ್ಚರವಾದಾಗ ಬೆಳಗಾಗಿತ್ತು, ಅಕ್ಕ ಆಗಲೇ ಒಲೆ ಹಚ್ಚಿದ್ದಳು.