ಮೇಟಿಯಂತೆ ನಿಲ್ಲಿ ಎಂದವರು

ಮೊನ್ನೆ ಹೊಸ ಚಪ್ಪಲಿ ಕಚ್ಚುತ್ತಿದೆಯೆಂದು ಅದಕ್ಕೆ ಹರಳೆಣ್ಣೆ ಸವರುತ್ತ ಜಗಲಿಯಲ್ಲಿ ಕೂತಿದ್ದೆ. ತೊಗಲಿಗೆ ಎಣ್ಣೆ ಇಳಿದು ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಅರಸೀಕೆರೆಯ ಶಾಲೆಯಲ್ಲಿ ನಮಗಿದ್ದ ಡ್ರಿಲ್ ಮೇಷ್ಟ್ರು ನೆನಪಾದರು. ಶಾಲೆಗಿದ್ದ ಒಂದೇ ಒಂದು ಫುಟ್‌ಬಾಲಿಗೆ ಅವರು ಮಗುವಿಗೆ ಎಣ್ಣೆ ತಿಕ್ಕುವ ಹಾಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಇಷ್ಟು ವಯಸ್ಸಾದರೂ ಆ ಮನುಷ್ಯನ ಮೇಲಿನ ಸಿಟ್ಟು ಆರಿಲ್ಲವಲ್ಲ ಎಂದು ನನಗೇ ಆಶ್ಚರ್ಯವಾಯಿತು…

ಅದು ಯುದ್ಧಕ್ಕೆ ಮುಂಚಿನ ಮಾತು. ವರ್ಷಕ್ಕೊಮ್ಮೆ ನಮ್ಮ ಶಾಲೆಗೂ ರೈಲ್ವೆ ಕ್ವಾರ್ಟರ್ಸಿನವರಿಗೂ ಪಂದ್ಯ ನಡೆಯುತ್ತಿತ್ತು. ಚೆಂಡು ಒಮ್ಮೆ ಅವರ ಕಾಲಿಗೆ ಸಿಕ್ಕಿತೆಂದರೆ ನಮ್ಮ ಕತೆ ಮುಗಿಯಿತು. ಒಬ್ಬನಿಂದ ಒಬ್ಬನಿಗೆ ದಾಟಿಸುತ್ತ, ನಮ್ಮನ್ನು ಮೈದಾನವೆಲ್ಲ ಓಡಿಸಿ, ನಾವು ಏದುಸಿರು ಬಿಡುವಾಗ ಆರಾಮಾಗಿ ಗೋಲು ಹೊಡೆಯುತ್ತಿದ್ದರು.

ಮೇಷ್ಟ್ರು ಹಳೇಬೀಡಿನ ಕಡೆಯ ಒಕ್ಕಲು ಮನೆಯವರು. ಕೆಲಸ ಹಂಗಾಮಿ. ಆ ವರ್ಷ ಹೆಡ್‌ಮಾಸ್ತರು ನಮ್ಮೆದುರಿಗೇ, “ರೈಲ್ವೆಯವರನ್ನ ಸೋಲಿಸಿ ತೋರಿಸಿ, ನಿಮ್ಮನ್ನ ಕಾಯಂ ಮಾಡೋಕೆ ಮೇಲಿನವರಿಗೆ ಬರೀತೀನಿ” ಅಂದಿದ್ದರು. ಸೋತರೆ ಮೇಷ್ಟ್ರು ಹೋಗುತ್ತಾರೆ, ಗೆದ್ದರೆ ಉಳಿಯುತ್ತಾರೆ. ನಮಗೆ ಅರ್ಥವಾದದ್ದು ಅಷ್ಟೆ. ನಮ್ಮಲ್ಲಿ ಕೆಲವರು ಅವರಿಗಾಗಿ ಮಾಲೇಕಲ್ಲು ಬೆಟ್ಟ ಹತ್ತಿ ಹರಕೆ ಕೂಡ ಹೊತ್ತು ಬಂದರು.

ಸುಗ್ಗಿಯ ಒಂದು ರಜೆಯಲ್ಲಿ ಮೇಷ್ಟ್ರು ನಮ್ಮನ್ನು ಹಾರನಹಳ್ಳಿಯ ಕಣವೊಂದಕ್ಕೆ ನಡೆಸಿಕೊಂಡು ಹೋದರು. ನಡುವೆ ಮೇಟಿಯ ಕಂಬ, ಸುತ್ತ ರಾಗಿ ತುಳಿಯುವ ಎತ್ತುಗಳು. ಮೇಷ್ಟ್ರ ಕಂಕುಳಲ್ಲಿದ್ದ ಚೆಂಡನ್ನು ಕಂಡು ಕಣದ ಯಜಮಾನ ಅಡ್ಡ ಬಂದ. “ಕಣದ ಮ್ಯಾಲೆ ತೊಗಲು ಬರಂಗಿಲ್ಲ ಕಣ್ರೀ ಮೇಷ್ಟ್ರೇ!” ಸರಿ, ಹಳೇ ಪಂಚೆ ಸುತ್ತಿ ಬಟ್ಟೆಯ ಚೆಂಡು ಮಾಡಿಕೊಂಡೆವು. ಎತ್ತು ಬಿಚ್ಚಿದ ಮೇಲೆ ನಮ್ಮನ್ನು ಕಂಬದ ಸುತ್ತ ಒತ್ತಾಗಿ ನಿಲ್ಲಿಸಿ, ಊರ ಹೈಕಳ ಕೈಲಿ ಸುತ್ತಲೂ ಚೆಂಡು ದಾಟಿಸಿದರು.

“ಎತ್ತು ಎಷ್ಟ್ ಸುತ್ತುದ್ರೂ ಮೇಟಿ ಅಲ್ಲಾಡ್ತದೇನ್ರೋ? ಸುತ್ತೋದು ಅವರ ಕೆಲ್ಸ. ನೀವು ಚೆಂಡಿನ ಹಿಂದೆ ಓಡ್ಬ್ಯಾಡಿ, ಗೋಲಿನ ಮುಂದೆ ಹಿಂಗೇ ನಿಂತು ಕಾಯ್ರಿ. ಬ್ಯಾಸತ್ತು ಅವರೆಲ್ಲಾ ಮುಂದಕ್ಕೆ ಬತ್ತಾರೆ. ಆಗ ಕಿತ್ಕೊಂಡು ಒಂದೇ ಏಟಿಗೆ ಬಲಗಡೆ ಹೊಡೀರಿ. ಅಲ್ಲಿ ಬಯಲು ಖಾಲಿ ಐತೆ!”

ಬಲಗಡೆ ಓಡಬೇಕಾದವನು ನಾನು. ನನ್ನ ಬೆನ್ನು ತಟ್ಟಿ, “ಕಾಯೋದು ಕಲಿ ಕಣೋ, ಓಟ ತಾನಾಗೇ ಬತ್ತದೆ” ಅಂದರು. ಕಾಯುವುದನ್ನು ನಾವು ಮೈಗೂಡಿಸಿಕೊಂಡೆವು.

ಪಂದ್ಯಕ್ಕೆ ಮುಂಚಿನ ವಾರ ಮೇಷ್ಟ್ರು ಶಾಲೆಗೆ ಬರಲಿಲ್ಲ. ಊರಿಗೆ ಹೋಗಿರಬೇಕೆಂದು ನಾವೇ ಅಭ್ಯಾಸ ಮಾಡಿಕೊಂಡೆವು. ಪಂದ್ಯದ ಸಂಜೆ ಪಟ್ಟೆ ಅಂಗಿಯ ರೈಲ್ವೆ ತಂಡ ಮೈದಾನಕ್ಕೆ ಇಳಿಯಿತು. ಅವರ ಸಾಲಿನ ಕೊನೆಯಲ್ಲಿ, ಅದೇ ಪಟ್ಟೆ ಅಂಗಿ ತೊಟ್ಟು, ನಮ್ಮ ಮೇಷ್ಟ್ರು!

“ಮೇಷ್ಟ್ರೇ, ನೀವು…”

“ಗೂಡ್ಸ್ ಷೆಡ್‌ನಾಗೆ ಕೆಲ್ಸ ಸಿಕ್ತು ಕಣೋ,” ಅಂದರು, ನನ್ನ ಮುಖ ನೋಡದೆ.

ಆಟ ಶುರುವಾಯಿತು. ನಾವು ಕಲಿತಂತೆ ಗೋಲಿನ ಮುಂದೆ ಒತ್ತಾಗಿ ನಿಂತೆವು. ಮೇಷ್ಟ್ರು ತಮ್ಮವರಿಗೆ ಕೈಸನ್ನೆ ಮಾಡಿದರು. ಆ ತಂಡ ಅದುವರೆಗೆ ಎಂದೂ ಮಾಡದ ಕೆಲಸ ಮಾಡಿತು: ಚೆಂಡನ್ನು ಮೆಲ್ಲಗೆ ನಮ್ಮ ಕಾಲಿಗೇ ತಳ್ಳಿ, ಎಲ್ಲರೂ ಹಿಂದೆ ಸರಿದು ತಮ್ಮ ಗೋಲಿನ ಮುಂದೆ ನಿಂತರು. ಈಗ ಮೇಟಿ ಅವರು, ಎತ್ತು ನಾವು. ಚೆಂಡು ನಮ್ಮಲ್ಲೇ ಉಳಿದರೆ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತ ತಳ್ಳಿದೆವು, ಇತ್ತ ತಳ್ಳಿದೆವು. ಜನ ಕೇಕೆ ಹಾಕಿ ನಕ್ಕರು. ಬೇಸತ್ತು ಎಲ್ಲರೂ ಮುಂದಕ್ಕೆ ನುಗ್ಗಿದೆವು. ನಮ್ಮವನೊಬ್ಬ ನನ್ನ ಕಡೆಗೆ ಹೊಡೆದ ಚೆಂಡನ್ನು ನನ್ನೆದುರೇ ನಿಂತಿದ್ದ ಮೇಷ್ಟ್ರು ತಡೆದು, ನಮ್ಮ ಬೆನ್ನ ಹಿಂದಿನ ಖಾಲಿ ಬಯಲಿಗೆ ಒಂದೇ ಏಟು ಹೊಡೆದರು. ಅವರ ಹುಡುಗ ಒಬ್ಬನೇ ಓಡಿಹೋಗಿ ಗೋಲು ಹಾಕಿದ. ಆ ಒಂದು ಗೋಲಿಗೇ ಸೋತೆವು.

ಹೊಟ್ಟೆಪಾಡಿಗೆ ಹೋದರು, ಹೋಗಲಿ. ಅದನ್ನು ನಾನು ಆಗಲೂ ತಪ್ಪೆನ್ನಲಿಲ್ಲ. ಆದರೆ ಉಂಡ ಮನೆಯ ಜಂತೆ ಎಣಿಸಿ ಕೊಟ್ಟರಲ್ಲ! ಅದೇ ಇವತ್ತಿಗೂ ಉರಿಯುತ್ತದೆ.

ಆಟ ಮುಗಿದ ಮೇಲೆ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. ಆ ಕೈ ತಳ್ಳಿ, “ನಿಮ್ಮನ್ನ ಉಳಿಸ್ಕೊಳ್ಳೋಕೆ ಆಡಿದ್ವಿ ಮೇಷ್ಟ್ರೇ” ಅಂದೆ. ಅವರ ಮುಖ ಕಪ್ಪಿಟ್ಟಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಫೋಟೋ ತೆಗೆಸಲು ರೈಲ್ವೆಯವರು ಕೂಗಿದರು.

“ಇರು, ಬತ್ತೀನಿ,” ಅಂದು ಹೋದರು.

ಮೈದಾನ ಖಾಲಿಯಾಗುವವರೆಗೂ ಗೋಲುಕಂಬಕ್ಕೆ ಒರಗಿ ನಿಂತಿದ್ದೆ. ಅವರು ಬರಲಿಲ್ಲ. ಕೆಲವೇ ದಿನಕ್ಕೆ ಬೇರೆ ಸ್ಟೇಷನ್ನಿಗೆ ವರ್ಗವಾಯಿತಂತೆ. ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತೀರಾ ತಡವಾಗಿ, ಯಾರದೋ ಮದುವೆಯ ಪಂಕ್ತಿಯಲ್ಲಿ…

ಚಪ್ಪಲಿ ಮೆತ್ತಗಾಗಿದೆ. ಕೈ ಎಷ್ಟು ತೊಳೆದರೂ ವಾಸನೆ ಹೋಗುತ್ತಿಲ್ಲ. ಅಂದು ಅವರು ಏನು ಹೇಳಲು ಬಾಯಿ ತೆರೆದಿದ್ದರೋ, ಇನ್ನು ತಿಳಿಯುವುದಿಲ್ಲ. ಹೇಳಬೇಕಾದವರೇ ಹೋಗಿಯಾಯಿತು. ಆದರೂ ಕಾಯುತ್ತಲೇ ಇದ್ದೇನೆ. ಅದೊಂದನ್ನು ಮಾತ್ರ ನನಗೆ ಚೆನ್ನಾಗಿ ಕಲಿಸಿದ್ದರು.