ವೆಂಕಲಕ್ಷಮ್ಮನವರ ಅಡುಗೆಮನೆಯ ನಳ

ಕಾಶೀರಾಮ ಹುಟ್ಟಿದ್ದು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯಲ್ಲಿ. ಅಲ್ಲಿ ಅವನ ಕೇರಿಯ ಹೆಂಗಸರು ಊರ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಯಾರಾದರೂ ಸೇದಿ ಮೇಲಿನಿಂದ ಸುರಿಯುವವರೆಗೆ ಅವನ ತಾಯಿ ಜಿಜಾಬಾಯಿ ಕೊಡ ಹಿಡಿದು ಬಿಸಿಲಲ್ಲಿ ನಿಂತಿರುತ್ತಿದ್ದಳು. ಹದಿನೆಂಟು ತುಂಬಿದಾಗ ಅವನು ಬೀದರಕ್ಕೆ ಬಂದು, ನಳದ ಕೆಲಸ ಮಾಡುತ್ತಿದ್ದ ಕರೀಮ ಸಾಬನ ಕೈಕೆಳಗೆ ಸೇರಿಕೊಂಡ. ಕಬ್ಬಿಣದ ಪೈಪಿಗೆ ತಿರುಪಿನ ಹಲ್ಲು ಕೊರೆಯುವುದು, ನೀರು ಸೋರದಂತೆ ಹಲ್ಲಿಗೆ ಸಣಬಿನ ನಾರು ಸುತ್ತಿ ಬಿಗಿಯುವುದು, ಎಲ್ಲ ಕಲಿತ. ಇನ್ನೊಬ್ಬರ ಮನೆಗೆ ನೀರು ತಂದುಕೊಡುವ ಕೆಲಸವನ್ನೇ ಯಾಕೆ ಹಿಡಿದೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಸಿಕ್ಕ ಕೆಲಸ ಅದು ಎಂದಷ್ಟೇ ಹೇಳುತ್ತಿದ್ದನೋ ಏನೋ.

ಐವತ್ತಾರರ ದಸರೆಗೆ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ಪಡೆದು ಬಂದ. ಅದಾದ ಕೆಲವೇ ದಿನಗಳಲ್ಲಿ ಬೀದರ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಗಳಲ್ಲಿ ಉರ್ದು ಕಾಗದಗಳ ಪಕ್ಕ ಕನ್ನಡ ಕಾಗದಗಳು ಬಂದವು. ಮೈಸೂರು ಕಡೆಯ ನೌಕರರು ಬಂದು ಬಾಡಿಗೆ ಮನೆ ಹಿಡಿದರು.

ಮರುವರ್ಷ ಬೇಸಿಗೆಯಲ್ಲಿ ಅಂಥ ಒಂದು ಮನೆಯಿಂದ ಕರೀಮ ಸಾಬನಿಗೆ ಕರೆ ಬಂತು. ಮಂಡಿನೋವಿನಿಂದ ಮಲಗಿದ್ದ ಸಾಬ ಕಾಶೀರಾಮನನ್ನು ಕಳಿಸಿದ. ಮನೆಯ ಯಜಮಾನರು ಕಚೇರಿಯ ಕೆಲಸಕ್ಕೆ ಔರಾದಿಗೆ ಹೋಗಿದ್ದರು. ಅವರ ಹೆಂಡತಿ ವೆಂಕಲಕ್ಷಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು, "ಕೊಳಾಯೀಲಿ ನೀರು ಸಣ್ಣಗೆ ಬರುತ್ತೆ ಕಣಪ್ಪ. ಒಂದು ಬಿಂದಿಗೆ ತುಂಬೋಕೆ ಅರ್ಧ ಗಂಟೆ" ಎಂದರು.

"ಕೊಳಾಯಿ ಅಂದ್ರ ನಳ ಏನ್ರಿ?"

"ಅದೇ, ನಿಮ್ಮ ನಳ."

"ಹಿತ್ತಲದಾಗಿನ ನಳಕ್ಕ, ಬಚ್ಚಲದಾಗಿನ ನಳಕ್ಕ ನೀರು ಛಲೋ ಬರ್ತಾವೇನ್ರಿ?"

"ಅಲ್ಲೆಲ್ಲ ಧೋ ಅಂತ ಬರುತ್ತೆ. ಅಡುಗೆಮನೇಲಿ ಮಾತ್ರ ಹೀಗೆ."

ಹಾಗಿದ್ದರೆ ದೋಷ ಇರುವುದು ಅಡುಗೆಮನೆಯ ಕವಲಿನಲ್ಲೇ. ಅವನು ಒಳಗೆ ಹೋಗಲು ಚೀಲ ಎತ್ತಿಕೊಂಡಾಗ ಆಕೆ ದಾರಿ ಬಿಡಲಿಲ್ಲ.

"ನೀವು ಯಾವ ಜನ?"

ಸುಳ್ಳು ಹೇಳಬಹುದಿತ್ತು. ಹಿಂದೆ ಹೇಳಿದ್ದೂ ಉಂಟು. "ಮೊದಲ ನಮಗ ಮಹಾರರು ಅಂತಿದ್ರು. ಈಗ ನಾವು ಬೌದ್ಧರಾಗೇವ್ರಿ" ಎಂದ.

ವೆಂಕಲಕ್ಷಮ್ಮ ಸೆರಗಿನ ಅಂಚು ಹಿಡಿದು ನಿಂತರು. "ಹೊರಗಿನಿಂದಲೇ ಆಗಲ್ವಾ?" ಎಂದರು.

ಅವನು ಪೈಪು ತಿರುಗಿಸುವ ಪಾನಾ ತೆಗೆದು ಗೋಡೆಯ ಹೊರಗಿದ್ದ ಪೈಪಿನ ಜೋಡಣೆ ಬಿಚ್ಚಿ ತೋರಿಸಿದ. ನೀರು ಒಂದು ಮಾರು ದೂರ ಚಿಮ್ಮಿತು. "ಇಲ್ಲಿತನಕಾ ಜೋರು ಅದರಿ. ಆಗೂದಿಲ್ರಿ ಹೊರಗಿನಿಂದ."

"ಹಾಗಾದ್ರೆ ನೀವು ಹೇಳಿ, ನಾನೇ ಮಾಡ್ತೀನಿ."

ಕಾಶೀರಾಮನಿಗೆ ಎದ್ದು ಹೋಗಬೇಕೆನ್ನಿಸಿತು. ಆದರೆ ಆಕೆ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾನಾಕ್ಕಾಗಿ ಕೈಚಾಚಿದ್ದರು. ಆ ಕೈ ಅವನ ಕೈಯಿಂದಲೇ ಪಾನಾ ತೆಗೆದುಕೊಂಡಿತು. ಅದನ್ನು ಆಕೆ ಗಮನಿಸಿದಂತೆ ಕಾಣಲಿಲ್ಲ. ಅವನು ನೀರು ಕಟ್ಟಿ, ಪೈಪು ಮತ್ತೆ ಜೋಡಿಸಿ, ಹೊಸ್ತಿಲ ಹೊರಗೆ ಕುಳಿತು ಹೇಳತೊಡಗಿದ.

ಮೊದಲು ನಳದ ಬಾಯಿಗೆ ಕಟ್ಟಿದ್ದ ಸೋಸುವ ಅರಿವೆ ಬಿಚ್ಚಿಸಿದ. ಅದರಲ್ಲಿ ಕೆಂಪು ತುಕ್ಕಿನ ಹುಡಿ ಇತ್ತು. ಆಮೇಲೆ ನಳದ ತಲೆ ತಿರುಗಿಸಲು ಹೇಳಿದ. ಆಕೆ ಎರಡು ಸಲ ತಪ್ಪಾಗಿ ತಿರುಗಿಸಿ, ಮೂರನೆಯ ಸಲ ಬಿಚ್ಚಿದರು. ಒಳಗಿನ ಚರ್ಮದ ಬಿಲ್ಲೆ ಸರಿಯಾಗಿಯೇ ಇತ್ತು. ನೀರು ಬಿಟ್ಟು ನೋಡಿದರೆ, ತಲೆಯಿಲ್ಲದ ನಳದಿಂದಲೂ ಅದೇ ಸಣ್ಣ ಧಾರೆ.

"ಅಂದ್ರ ಗ್ವಾಡಿ ಬಾಜೂಕ ಪೈಪು ಹೊಳ್ಳತದಲ್ರಿ, ಆ ಮೂಲ್ಯಾಗ ಏನೋ ಸಿಕ್ಕದ."

ಅವನು ಮತ್ತೆ ನೀರು ಕಟ್ಟಿದ ಮೇಲೆ ಆಕೆ ಮೂಲೆಯ ತಿರುವಿಗೆ ಪಾನಾ ಹಾಕಿ ಮೈಭಾರವೆಲ್ಲ ಬಿಟ್ಟರು. ಪಾನಾ ಜಾರಿ ಬೆರಳಗಂಟು ಗೋಡೆಗೆ ಬಡಿದು ರಕ್ತ ಬಂತು. ಬೆರಳನ್ನು ಒತ್ತಿ ಹಿಡಿದು ನೆಲದ ಮೇಲೆ ಕುಳಿತುಬಿಟ್ಟರು. ಆಮೇಲೆ, "ಒಳಗೆ ಬನ್ನಿ" ಎಂದರು.

ಕಾಶೀರಾಮ ಏಳಲಿಲ್ಲ. "ನಾ ಹೋದ ಮ್ಯಾಲ ಮನಿ ತೊಳೀತೀರೇನ್ರಿ? ಹಂಗಿದ್ರ ನಾ ಬರೂದಿಲ್ರಿ."

"ತೊಳೀತೀನೋ ಇಲ್ವೋ ನನಗೇ ಗೊತ್ತಿಲ್ಲ" ಎಂದರು ವೆಂಕಲಕ್ಷಮ್ಮ. "ಸುಳ್ಳು ಯಾಕೆ ಹೇಳಲಿ. ಆದ್ರೆ ಬನ್ನಿ."

ತೊಳೆಯುವುದಿಲ್ಲ ಎಂದಿದ್ದರೆ ಅವನು ನಂಬುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದ.

ಒಲೆ, ಒಲೆಯ ಎಡಕ್ಕೆ ಗೂಡು, ಮೇಲೆ ಸಣ್ಣ ಕಿಟಕಿ. ಹೊರಗಿನಿಂದ ಗುರುತು ಹತ್ತದ ಮನೆ ಆಗ ಅವನಿಗೆ ನೆನಪಾಯಿತು. ಎಂಟು ವರ್ಷದ ಹಿಂದೆ, ಈ ಮನೆಗೆ ಸುಣ್ಣವೂ ಬಳಿಯದಿದ್ದಾಗ, ಇದೇ ಮೂಲೆಯಲ್ಲಿ ಕುಳಿತು ಈ ಪೈಪು ಕೂಡಿಸಿದವನು ಅವನೇ. ಕಟ್ಟುವಾಗ ಜಾತಿ ಯಾರು ಕೇಳುತ್ತಾರೆ? ಮಧ್ಯಾಹ್ನ ಇಲ್ಲೇ ರೊಟ್ಟಿ ತಿಂದು ಮಲಗಿದ್ದ.

ತಿರುವು ಬಿಚ್ಚಿ ಬೆರಳು ಹಾಕಿದಾಗ ಹೊರಬಂದದ್ದು ಒಂದು ನಾರಿನ ಗಂಟು. ಬಿಗಿಯಾಗಲೆಂದು ಅಗತ್ಯಕ್ಕಿಂತ ಹೆಚ್ಚು ಸುತ್ತಿದ ಸಣಬು ಪೈಪಿನ ಒಳಗೆ ಇಳಿಬಿದ್ದು, ವರ್ಷಗಟ್ಟಲೆ ತುಕ್ಕು ಹಿಡಿದು ಹಿಡಿದು ಅಡಿಕೆಯಷ್ಟು ಗಟ್ಟಿಯಾಗಿತ್ತು. ಕೆಲಸ ಕಲಿಯುತ್ತಿದ್ದವನ ಕೈ. ಜಾತಿ ಕೇಳಿಸಿಕೊಂಡಾಗಲೂ ತಗ್ಗದ ತಲೆ ಈಗ ತಗ್ಗಿತು.

"ಈ ತಪ್ಪು ನಂದೇರಿ. ಈ ಮನಿಗಿ ನಳ ನಾನೇ ಹಾಕಿದ್ದೆ."

"ನೀವಾ?" ವೆಂಕಲಕ್ಷಮ್ಮ ಗೋಡೆಯನ್ನೂ ಅವನನ್ನೂ ನೋಡಿದರು. "ಇಲ್ಲಿ, ಒಳಗೇ ಕೂತು?"

"ಹೌದ್ರಿ."

ಅವನು ಪೈಪು ಉಜ್ಜಿ, ಅಳತೆಯಾಗಿ ನಾರು ಸುತ್ತಿ, ಬಿಗಿದು ನೀರು ಬಿಟ್ಟ. ಧಾರೆ ಬಿಂದಿಗೆಯ ತಳಕ್ಕೆ ಬಡಿದು ಸದ್ದು ಮಾಡಿತು. ಅವನು ಹೊರಟಾಗ ಆಕೆ ಅದರ ಪಕ್ಕದಲ್ಲೇ ನಿಂತಿದ್ದರು.

ಸಂಜೆ ಚಿದ್ರಿಯಲ್ಲಿದ್ದ ತನ್ನ ಮನೆಯಲ್ಲಿ ಎಲ್ಲ ಹೇಳಿದಾಗ ಹೆಂಡತಿ ಕೌಸಲ್ಯಾಬಾಯಿ ಕೇಳಿದಳು, "ಆಕಿ ಮನಿ ತೊಳ್ದಿರಬಹುದೇನು?"

"ಗೊತ್ತಿಲ್ಲ. ನಾ ಆ ವರ್ಷ ಇನ್ನೂ ನಾಲ್ಕು ಮನಿಗಿ ನಳ ಹಾಕೀನಿ. ಅವು ಹ್ಯಾಂಗ ಅದಾವೋ."

ಮುಂದಿನ ವಾರ ಅವನು ಯಾರೂ ಕರೆಯದಿದ್ದರೂ ಆ ನಾಲ್ಕೂ ಮನೆಗಳಿಗೆ ಹೋದ. ಒಂದರಲ್ಲಿ ಹೊರಗಿನಿಂದಲೇ ಸಾಗಹಾಕಿದರು. ಎರಡರಲ್ಲಿ ನೀರು ಚೆನ್ನಾಗಿತ್ತು. ಇನ್ನೊಂದರಲ್ಲಿ ಅಂಥದೇ ಗಂಟು ಸಿಕ್ಕಿತು, ತೆಗೆದು ಬಂದ.

ಮಳೆಗಾಲದಲ್ಲಿ ವೆಂಕಲಕ್ಷಮ್ಮ ಬಚ್ಚಲ ನಳ ಸೋರುತ್ತಿದೆಯೆಂದು ಹೇಳಿಕಳಿಸಿದರು, ಕರೀಮ ಸಾಬನಿಗಲ್ಲ, ಕಾಶೀರಾಮನಿಗೇ. ಕೆಲಸ ಮುಗಿದಾಗ ಅಡುಗೆಮನೆಯ ಬಾಗಿಲ ಒಳಗೆ ಮಣೆ ಹಾಕಿ ಒಂದು ಲೋಟ ಕಾಫಿ ಕೊಟ್ಟರು. ಅವನು ಅದುವರೆಗೆ ಕಾಫಿ ಕುಡಿದವನಲ್ಲ. ಬಲು ಕಹಿ ಎನ್ನಿಸಿತು. ಆಕೆ ನೋಡುತ್ತಿದ್ದರಿಂದ ಪೂರ್ತಿ ಕುಡಿದ.